ಎಷ್ಟಿದ್ದರೆ ಸಾಕು ಅಂತ ಕೇಳಿದ ಸಂಡೂರಿನ ತಮ್ಮನಿಗೆ

ತಮ್ಮಾ, ಪಿಟ್ಸ್‌ಬರ್ಗಿಗೆ ಬರೋಕೆ ಮುಂಚೆ ಮೂರು ಕೇಳಿದ್ದೀಯ: ಬಾಡಿಗೆ ಎಷ್ಟು, ಚಳಿ ಹೆಂಗೆ, ವರ್ಷಕ್ಕೆ 75,000 ಡಾಲರ್ ದಾಟಿದ ಮೇಲೆ ದುಡ್ಡಿನಿಂದ ಸುಖ ಹೆಚ್ಚಲ್ಲ ಅನ್ನೋದು ನಿಜವಾ.

ಬಾಡಿಗೆ, ಮೂವರು ಕೂಡಿದರೆ ನಡೆಯುತ್ತೆ. ದಪ್ಪ ಜಾಕೆಟ್ ಇಲ್ಲೇ ಕೊಂಡ್ಕೋ, ಪೆಟ್ಟಿಗೇಲಿ ಆ ಜಾಗಕ್ಕೆ ಶೇಂಗಾ ಚಟ್ನಿಪುಡಿ ತುಂಬು.

75,000ದ ಲೆಕ್ಕ 2010ರದು, ಸಂಶೋಧಕರಾದ ಕಾನ್‌ಮನ್ ಮತ್ತು ಡೀಟನ್ ಅವರದು. 2023ರಲ್ಲಿ ಕಾನ್‌ಮನ್ನರೇ, ತಮ್ಮನ್ನು ಒಪ್ಪದಿದ್ದ ಸಂಶೋಧಕ ಕಿಲ್ಲಿಂಗ್ಸ್‌ವರ್ತ್ ಜೊತೆ ಕೂತು ಅದನ್ನ ತಿದ್ದಿದರು. ಹೆಚ್ಚಿನವರಿಗೆ ಆದಾಯ ಏರಿದಂತೆ ಸುಖಾನೂ ಏರುತ್ತಂತೆ. ಒಳಗೇ ನೊಂದಿರೋರಿಗೆ ಮಾತ್ರ ಒಂದು ಲಕ್ಷ ಡಾಲರ್ ಸುಮಾರಿಗೆ ಅದು ನಿಂತುಬಿಡುತ್ತೆ. ಹಂಗಾಗಿ ದುಡಿ, ನಾಚ್ಕೋಬೇಡ. ಬಡತನದಲ್ಲೇ ನೆಮ್ಮದಿ ಅನ್ನೋರು ಬಡತನ ಕಂಡೋರಲ್ಲ.

ಆದರೆ ದುಡ್ಡು ಎಲ್ಲಿಂದ ಬಂತು ಅನ್ನೋ ಕಾಲಂ ಆ ಲೆಕ್ಕದಲ್ಲಿಲ್ಲ.

ನಾನು 2008ರಲ್ಲಿ ಬಂದೆ. ಮೊದಲ ವಾರವೇ ಪಕ್ಕದ ಹೋಮ್‌ಸ್ಟೆಡ್‌ನ ಕಾರ್ನೆಗಿ ಲೈಬ್ರರಿ ನೋಡಿದೆ. ಪುಸ್ತಕದ ಜೊತೆ ಸಂಗೀತಕ್ಕೊಂದು ಹಾಲ್, ಈಜುಕೊಳ! 1898ರಲ್ಲಿ ಉಕ್ಕಿನ ಧಣಿ ಕಾರ್ನೆಗಿ ಕೊಟ್ಟಿದ್ದು. ನಮ್ಮೂರಲ್ಲೂ ಏನಾದರೂ ಕಟ್ಟಿಸಬೇಕು ಅಂತ ಅಲ್ಲೇ ನಿಶ್ಚಯಿಸಿದೆ. ಅದೇ ಊರಲ್ಲಿ, ಅದೇ ಧಣಿಯ ಕಾರ್ಖಾನೆಯ 1892ರ ಮುಷ್ಕರದಲ್ಲಿ ಎರಡೂ ಕಡೆ ಹೆಣ ಬಿದ್ದವು, ಕಾರ್ಮಿಕರ ಸಂಘ ಮುರೀತು ಅಂತ ಗೊತ್ತಾಗಿದ್ದು ಎಷ್ಟೋ ಆಮೇಲೆ. ಹನ್ನೆರಡು ತಾಸು ಕುಲುಮೆ ಮುಂದೆ ನಿಂತೋನು ಪುಸ್ತಕ ಯಾವಾಗ ಹಿಡೀಬೇಕು, ಹೇಳು.

ನನ್ನ ಫೀಸು ಎಲ್ಲಿಂದ ಬಂತು? ಚೀನಾಕ್ಕೆ ಅದಿರು ಹೋಗ್ತಿದ್ದ ಕಾಲ ನಿನಗೆ ಮಸುಕಾಗಿ ನೆನಪಿರಬಹುದು. ದೊಡ್ಡೋರು ಹೆಲಿಕಾಪ್ಟರ್ ತಂದರು, ನಮ್ಮಪ್ಪ ಎರಡು ಲಾರಿ ತಂದ. ನಾಲ್ಕೆಕರೆ ಜೋಳದ ಹೊಲ ಅದಿರು ರಾಶಿ ಹಾಕೋ ಸ್ಟಾಕ್‌ಯಾರ್ಡ್‌ಗೆ ಹೋಯ್ತು, ಆ ಬಾಡಿಗೇಲಿ ನಾನು ವಿಮಾನ ಹತ್ತಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳನ್ನ ಫೈನಾನ್ಸಿನವರು ಒಯ್ದರು. ಹೊಲ ಉಳೀತು, ಗೇಣುದ್ದ ಅದಿರು ಪುಡಿ ಹೊದ್ಕೊಂಡು.

2014ರಲ್ಲಿ ಊರ ಶಾಲೆಗೆ ಒಂದು ಕೋಣೆ ಕಟ್ಟಿಸಿದೆ. ಬಾಗಿಲ ಪಕ್ಕ ಕರಿ ಗ್ರಾನೈಟ್, ಅದರಲ್ಲಿ ನನ್ನ ಹೆಸರು. ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಲಿ. ಉದ್ಘಾಟನೆ ದಿನ, ನಮ್ಮ ಹೊಲದಲ್ಲಿ ಕಳೆ ತೆಗೀತಿದ್ದ ದೊಡ್ಡಮ್ಮ ಬಂದಳು. ಹೊಲ ಹೋದ ಮೇಲೆ ಆಕೆ ಕೂಲಿಗೆ ಎಲ್ಲಿಗೆ ಹೋದಳು ಅಂತ ನಾನು ಒಂದು ದಿನಾನೂ ವಿಚಾರಿಸಿರಲಿಲ್ಲ. ಕಲ್ಲಿನ ಮೇಲೆ ಕೂತಿದ್ದ ಕೆಂಪು ಧೂಳನ್ನ ಸೆರಗಿನಿಂದ ಒರೆಸಿದಳು. ಓದೋಕೆ ಬರಲ್ಲ, ಆದರೂ ಅಕ್ಷರಗಳ ಸಂದಿಗೂ ಬೆರಳು ಹಾಕಿ ಒರೆಸಿದಳು. ಆಮೇಲೆ ಕೇಳಿದಳು, "ಹೊಲ ಯಾವಾಗ ಬಿತ್ತುತೀಯಪಾ?"

ನಕ್ಕು, ಫೋಟೋಕ್ಕೆ ನಿಂತೆ.

ಪುಡಿ ತೆಗೆಸಿ ಕೆರೆ ಹೂಳು ಹೇರಿಸಿದ್ದು 2019ರಲ್ಲಿ. ಕೋಣೆಗೆ ಹಾಕಿದ್ದರಲ್ಲಿ ಅರ್ಧವೂ ಆಗಲಿಲ್ಲ. ಜೋಳ ಬಂತು, ಎದೆಯುದ್ದ. ದೊಡ್ಡಮ್ಮ ಹಿಂದಿನ ವರ್ಷವೇ ಹೋಗಿದ್ದಳು.

ನೀನು ಆಗಸ್ಟಿಗೆ ಬರ್ತೀಯಲ್ಲ, ಏರ್‌ಪೋರ್ಟಿಗೆ ನಾನೇ ಬರ್ತೀನಿ. ಅಷ್ಟರೊಳಗೆ ನಿನ್ನ ಫೀಸು ಯಾರ ಹೊಲದ್ದು, ಯಾರ ಕೂಲಿಯದು ಅಂತ ಅಪ್ಪನ್ನ ಕೇಳ್ಕೊಂಡು ಬಾ. ಅಪ್ಪ ಮಾತು ತಿರುಗಿಸಿದರೆ ಅವ್ವನ್ನ ಕೇಳು.