ಎಂಬೆಡ್ ಟಿಕ್ ಹಾಕಿದ್ದೀರಿ ಸರಿ, ಫಾಂಟ್ ಒಳಗೆ ಹೋಗಿದೆಯಾ ನೋಡಿದಿರಾ?

ಸರ್, ಸ್ಮರಣ ಸಂಚಿಕೆಯ ವರ್ಡ್ ಫೈಲ್ ಪ್ರೆಸ್‌ನಲ್ಲಿ ತೆರೆದಾಗ ಅಕ್ಷರ ಬದಲಾಗಿ, 96 ಪುಟ ಇದ್ದದ್ದು 104 ಆಯಿತು ಅಂದಿರಿ. 'ಎಂಬೆಡ್ ಫಾಂಟ್ಸ್ ಇನ್ ದ ಫೈಲ್' ಟಿಕ್, ಅಂದ್ರೆ ಫಾಂಟನ್ನು ಫೈಲ್ ಒಳಗೇ ಸೇರಿಸುವ ಆಯ್ಕೆ, ಹಾಕಿಯೇ ಕಳಿಸಿದ್ದೆ ಅಂತಲೂ ಬರೆದಿದ್ದೀರಿ. ನಾನೂ ಹಿಂದೆ ಹೀಗೇ ಬರೀ ಟಿಕ್ ನಂಬಿಕೊಂಡು ಕಳಿಸುತ್ತಿದ್ದೆ. ಟಿಕ್ ಇದ್ದರೂ ಫಾಂಟ್ ಒಳಗೆ ಹೋಗದೇ ಇರಬಹುದು. ಕೆಲವು ಫಾಂಟ್ ಉಳಿಸಲು ಆಗಲ್ಲ ಅಂತ ವರ್ಡ್ ಒಂದೊಂದು ಸಲ ಹೇಳುತ್ತದೆ. ನಾವು ಅವಸರದಲ್ಲಿ ಓಕೆ ಒತ್ತಿರುತ್ತೇವೆ.

ಈಗ ನಾನು ಯಾವ ಫೈಲನ್ನೂ ಒಳಗೆ ನೋಡದೆ ಕಳಿಸಲ್ಲ. ಫೈಲ್‌ನ ಒಂದು ಕಾಪಿ ಮಾಡಿಕೊಳ್ಳಿ. ಹೆಸರಿನ ಕೊನೆಯ ಡಾಕ್ಸ್ (.docx) ತೆಗೆದು ಜಿಪ್ (.zip) ಅಂತ ಬರೆದು, ತೆರೆಯಿರಿ. ಡಾಕ್ಸ್ ಅನ್ನುವುದೇ ಒಂದು ಜಿಪ್ ಫೈಲ್. ಒಳಗೆ 'ವರ್ಡ್' ಅಂತ ಫೋಲ್ಡರ್, ಅದರೊಳಗೆ 'ಫಾಂಟ್ಸ್' ಅಂತ ಇನ್ನೊಂದು ಇರಬೇಕು. ಅದರಲ್ಲಿ ಒಡಿಟಿಟಿಎಫ್ (.odttf) ಅಂತ ಮುಗಿಯುವ ಫೈಲ್‌ಗಳು ಕಾಣಬೇಕು. ಫಾಂಟ್ಸ್ ಫೋಲ್ಡರೇ ಇಲ್ಲ ಅಂದ್ರೆ ಏನೂ ಎಂಬೆಡ್ ಆಗಿಲ್ಲ, ಮುಗೀತು. ಇದ್ದರೂ ಅಲ್ಲಿಗೇ ನಿಲ್ಲಬೇಡಿ. ಪಕ್ಕದಲ್ಲೇ 'ಫಾಂಟ್‌ಟೇಬಲ್' ಅನ್ನುವ ಎಕ್ಸ್‌ಎಂಎಲ್ ಫೈಲ್ ಇದೆ, ಬ್ರೌಸರ್‌ನಲ್ಲಿ ತೆರೆಯಿರಿ. ನಿಮ್ಮ ಕನ್ನಡ ಫಾಂಟ್ ಹೆಸರಿನ ಕೆಳಗೆ 'ಎಂಬೆಡ್‌ರೆಗ್ಯುಲರ್' ಅಂತ ಸಾಲು ಇದೆಯಾ? ದಪ್ಪ ಅಕ್ಷರಕ್ಕೆ ಬೇರೆ ಬೋಲ್ಡ್ ಫೈಲ್ ಹಾಕಿದ್ದರೆ 'ಎಂಬೆಡ್‌ಬೋಲ್ಡ್' ಕೂಡ ಇರಬೇಕು. ಎಷ್ಟೋ ಸಲ ಇಂಗ್ಲಿಷ್ ಫಾಂಟ್ ಮಾತ್ರ ಒಳಗೆ ಹೋಗಿ ಕನ್ನಡದ್ದು ಹೊರಗೇ ಉಳಿದಿರುತ್ತದೆ. ಪ್ರೆಸ್‌ನವರಿಗೆ ಹತ್ತು ಸಲ ಫೋನ್ ಮಾಡುವ ಬದಲು ಇದನ್ನು ಮೊದಲು ನೋಡಿ ಸರ್, ದಯವಿಟ್ಟು.

ಹೋಗಿಲ್ಲ ಅಂದ್ರೆ ಕಾರಣ ಹೆಚ್ಚಾಗಿ ಫಾಂಟ್‌ನಲ್ಲೇ ಇರುತ್ತದೆ. ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಲ್ಲಿ ಅದರ ಪ್ರಾಪರ್ಟೀಸ್, ಡೀಟೇಲ್ಸ್ ತೆಗೆದರೆ 'ಫಾಂಟ್ ಎಂಬೆಡಬಿಲಿಟಿ' ಅಂತ ಇದೆ. 'ಇನ್‌ಸ್ಟಾಲಬಲ್' ಅಥವಾ 'ಎಡಿಟಬಲ್' ಇದ್ದರೆ ಚಿಂತೆ ಇಲ್ಲ. 'ರಿಸ್ಟ್ರಿಕ್ಟೆಡ್' ಇದ್ದರೆ ಎಷ್ಟು ಟಿಕ್ ಹಾಕಿದರೂ ಹೋಗಲ್ಲ. ಪೋಸ್ಟ್‌ಸ್ಕ್ರಿಪ್ಟ್ ಮಾದರಿಯ ಒಟಿಎಫ್ (.otf) ಫಾಂಟನ್ನೂ ವರ್ಡ್ ಸಾಮಾನ್ಯವಾಗಿ ಸೇರಿಸಿಕೊಳ್ಳಲ್ಲ, ಟಿಟಿಎಫ್ (.ttf) ಫೈಲ್ ಹುಡುಕಿ. ಗೂಗಲ್ ಫಾಂಟ್ಸ್‌ನಿಂದ ನೋಟೋ ಸೆರಿಫ್ ಕನ್ನಡ, ಅನೇಕ್ ಕನ್ನಡ ಇಳಿಸಿಕೊಂಡಾಗ ವೇರಿಯಬಲ್ ಫೈಲ್ (ಎಲ್ಲ ದಪ್ಪವೂ ಒಂದರಲ್ಲೇ ಇರುವುದು) ಬಿಟ್ಟು 'ಸ್ಟ್ಯಾಟಿಕ್' ಫೋಲ್ಡರ್‌ನದ್ದು ಹಾಕಿಕೊಳ್ಳಿ. ಪುಸ್ತಕದ ಒಳಪುಟಕ್ಕೆ ನನ್ನ ಆಯ್ಕೆ ನೋಟೋ ಸೆರಿಫ್ ಅಥವಾ ಟಿರೋ ಕನ್ನಡ. ಎರಡೂ ಮುಕ್ತ ಲೈಸೆನ್ಸ್‌ನವು. ಬಾಲೂ ತಮ್ಮ ಚೆನ್ನಾಗಿದೆ, ಆದರೆ ತಲೆಬರಹಕ್ಕೆ ಮಾತ್ರ. ಅದರಲ್ಲಿ ಇಡೀ ಲೇಖನ ಹಾಕಿ ಓದುವವರ ಕಣ್ಣು ನೋಯಿಸಬೇಡಿ.

ವರ್ಡ್‌ನ ಆ ಎಂಬೆಡ್ ಟಿಕ್ ಕೆಳಗೆ ಇನ್ನೊಂದು ಇದೆ, ಬಳಸಿದ ಅಕ್ಷರ ಮಾತ್ರ ಸೇರಿಸು ಅಂತ. ಫೈಲ್ ಚಿಕ್ಕದಾಗುತ್ತದೆ ಅಂತ ಎಲ್ಲರೂ ಹಾಕುತ್ತಾರೆ. ಕರಡು ತಿದ್ದುವವರಿಗೆ ಕಳಿಸುವಾಗ ಬೇಡವೇ ಬೇಡ. ಅವರು ಹೊಸ ಒತ್ತಕ್ಷರ ಒಂದು ಟೈಪ್ ಮಾಡಿ, ಅದು ಸಂಚಿಕೆಯಲ್ಲಿ ಬೇರೆಲ್ಲೂ ಇಲ್ಲದಿದ್ದರೆ ಆ ಪದ ಮಾತ್ರ ವಿಂಡೋಸ್‌ನದೇ ಆದ ನಿರ್ಮಲಾ ಯುಐ ಥರದ ಬೇರೆ ಫಾಂಟ್‌ನಲ್ಲಿ ಬಂದು ಕೂರಬಹುದು. ಹಳೇ ಫೈಲ್‌ಗಳಲ್ಲಿ ತುಂಗಾ ಅನ್ನುವ ವಿಂಡೋಸ್‌ನ ಹಳೇ ಕನ್ನಡ ಫಾಂಟ್ ಇದ್ದರೂ ಜೋಪಾನ. ವಿಂಡೋಸ್ 10ರಿಂದ ಅದು ಎಲ್ಲ ಕಂಪ್ಯೂಟರ್‌ನಲ್ಲೂ ತಾನಾಗಿ ಇರಲ್ಲ, ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಅಂತ ಬೇರೆ ಹಾಕಿಕೊಳ್ಳಬೇಕು.

ವರ್ಡ್ ಬದಲು ಲಿಬ್ರೆ ಆಫೀಸ್ ಬಳಸುವವರೂ ಇಲ್ಲಿದ್ದೀರಿ. ಅದರಲ್ಲಿ ಫೈಲ್, ಪ್ರಾಪರ್ಟೀಸ್, ಫಾಂಟ್‌ಗೆ ಹೋಗಿ. ಯಾವ ಲಿಪಿಯ ಫಾಂಟ್ ಸೇರಿಸಬೇಕು ಅನ್ನುವ ಕಡೆ 'ಕಾಂಪ್ಲೆಕ್ಸ್' ಟಿಕ್ ಇರಲೇಬೇಕು. ಕನ್ನಡ ಅದರಲ್ಲೇ ಬರುವುದು. ಲ್ಯಾಟಿನ್ ಮಾತ್ರ ಇದ್ದರೆ ಕನ್ನಡ ಹೊರಗೆ.

ಇಷ್ಟೆಲ್ಲ ಮಾಡಿದರೂ ಇದು ವರ್ಡ್‌ನಿಂದ ವರ್ಡ್‌ಗೆ ಮಾತ್ರ ಅಂತ ಇಟ್ಟುಕೊಳ್ಳಿ. ಪ್ರೆಸ್‌ನವರು ಪುಟ ಜೋಡಿಸುವ ಇನ್‌ಡಿಸೈನ್ ಸಾಫ್ಟ್‌ವೇರ್‌ಗೆ ತಂದರೆ ಡಾಕ್ಸ್ ಒಳಗಿನ ಫಾಂಟ್ ಲೆಕ್ಕಕ್ಕೆ ಬರಲ್ಲ, ಟಿಟಿಎಫ್ ಫೈಲ್ ಬೇರೆ ಕೊಡಿ. ಅಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬಂದರೆ 'ವರ್ಲ್ಡ್ ರೆಡಿ ಕಂಪೋಸರ್' ಅನ್ನುವ ಆಯ್ಕೆ ಹಾಕಿ ಅಂತ ಹೇಳಿ. ಇನ್ನೂ ಹಳೇ ಪೇಜ್‌ಮೇಕರ್ ಸಾಫ್ಟ್‌ವೇರ್‌ನಲ್ಲೇ ಇರುವವರಿಗೆ ಯೂನಿಕೋಡ್ (ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ) ಕೊಟ್ಟು ಪ್ರಯೋಜನವೇ ಇಲ್ಲ. ಅವರು ನುಡಿ ತಂತ್ರಾಂಶದ, ಯೂನಿಕೋಡ್ ಅಲ್ಲದ ಹಳೇ ಫಾಂಟ್ ಕೇಳುವುದು ಅದಕ್ಕೇ. ನುಡಿಯಿಂದ ಯೂನಿಕೋಡ್‌ಗೆ ಕನ್ವರ್ಟ್ ಮಾಡಿದ್ದರೆ ಅರ್ಕಾವತ್ತು ಒಂದೊಂದೂ ಕಣ್ಣಿಟ್ಟು ನೋಡಿ. 'ಸೂರ್ಯ', 'ಕಾರ್ಯದರ್ಶಿ' ಅಂಥ ಕಡೆಯೇ ಕೆಡುವುದು.

ಬರೀ ಅಚ್ಚಿಗೆ ಅಂದ್ರೆ ಡಾಕ್ಸ್ ಯಾಕೆ ಕಳಿಸುತ್ತೀರಿ? ಪಿಡಿಎಫ್ ಮಾಡಿ. ಸೇವ್ ಮಾಡುವಾಗ ಆಪ್ಷನ್ಸ್‌ನಲ್ಲಿ ಪಿಡಿಎಫ್/ಎ (ಫಾಂಟ್ ಒಳಗೇ ಇರುವ ಪಿಡಿಎಫ್) ಟಿಕ್ ಹಾಕಿ. ಆಮೇಲೆ ಅಕ್ರೋಬ್ಯಾಟ್ ರೀಡರ್‌ನಲ್ಲಿ ಕಂಟ್ರೋಲ್ ಡಿ ಒತ್ತಿ, ಫಾಂಟ್ಸ್ ಟ್ಯಾಬ್‌ನಲ್ಲಿ ಪ್ರತಿ ಹೆಸರಿನ ಮುಂದೆ 'ಎಂಬೆಡೆಡ್' ಇದೆಯಾ ನೋಡಿ.

ಇನ್ನೊಂದು, ಸಾಲಿನ ಅಂತರ. ಕನ್ನಡ ಫಾಂಟ್ ಒಂದೊಂದರ ಎತ್ತರ ಒಂದೊಂದು ಥರ. 'ಸಿಂಗಲ್' ಇಟ್ಟರೆ ಫಾಂಟ್ ಬದಲಾದ ತಕ್ಷಣ ಪುಟ ಏರುಪೇರು. ನಾನು 12 ಪಾಯಿಂಟ್ ಅಕ್ಷರಕ್ಕೆ 'ಎಕ್ಸಾಕ್ಟ್ಲಿ 20' ಇಡುತ್ತೇನೆ. ಅದಕ್ಕಿಂತ ತೀರಾ ಇಳಿಸಿದರೆ 'ಸ್ತ್ರೀ' ಅನ್ನುವಲ್ಲಿ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತದೆ. ಯಾವ ಫಾಂಟ್ ಬಳಸಿದ್ದೀರಿ, ಪ್ರೆಸ್‌ನಲ್ಲಿ ಯಾವ ಸಾಫ್ಟ್‌ವೇರ್ ಅಂತ ಇಲ್ಲೇ ಬರೆಯಿರಿ ಸರ್.