ಮಗಳನ್ನು ಡಾರ್ಮ್‌ಗೆ ಕಳಿಸುವ ಮೊದಲು

ಯುಗಾದಿ ಊಟದ ಪಂಕ್ತಿಯಲ್ಲಿ ನಮ್ಮ ಮಾತು ಅರ್ಧಕ್ಕೇ ನಿಂತಿತ್ತು. ಮೊನ್ನೆ ನಿಮ್ಮ ಮೆಸೇಜ್ ಬಂತು. "ಅಕ್ಕ, ನಾವು ಊರಿಂದ ಅಮೆರಿಕದ ಎಕ್ಸ್‌ಟನ್‌ಗೆ ಬಂದು ಇನ್ನೂ ಐದು ತಿಂಗಳಾಗಿಲ್ಲ. ಮಗಳಿಗೆ 16. ಫಿಲಡೆಲ್ಫಿಯಾದ ಯೂನಿವರ್ಸಿಟಿ ಆಫ್ ಪೆನ್ಸಿಲ್ವೇನಿಯಾದಲ್ಲಿ ಮೂರು ವಾರದ ಸಮ್ಮರ್ ಪ್ರೋಗ್ರಾಮ್‌ಗೆ ಸೀಟು ಸಿಕ್ಕಿದೆ. ಅಲ್ಲೇ ಡಾರ್ಮ್‌ನಲ್ಲಿ, ಅಂದರೆ ಕಾಲೇಜಿನ ಹಾಸ್ಟೆಲ್‌ನಲ್ಲಿ ಇರಬೇಕಂತೆ. ಕಾಲೇಜು ಇರುವ ವೆಸ್ಟ್ ಫಿಲಡೆಲ್ಫಿಯಾ ಅಂದ ಕೂಡಲೇ ಎಲ್ಲರೂ ಹೆದರಿಸುತ್ತಾರೆ. ಕಳಿಸಬಹುದಾ? ಊಟ, ಫೋನು, ಓಡಾಟ ಹೇಗೆ?" ಅಂತ ಕೇಳಿದ್ದೀರಿ. ಫೋನ್‌ನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಕಳಿಸಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಊಟದ ಚಿಂತೆ ಬೇಡ. ಡೈನಿಂಗ್ ಹಾಲ್‌ನಲ್ಲಿ ವೆಜ್ ಸಿಗುತ್ತದೆ. ಒಂದು ಡಬ್ಬಿ ಚಟ್ನಿಪುಡಿ ಹಾಕಿಕೊಡಿ, ಸಾಕು. ರೈಸ್ ಕುಕ್ಕರ್ ಕಳಿಸಬೇಡಿ. ಊದಿನಕಡ್ಡಿಯಂತೂ ಬೇಡವೇ ಬೇಡ. ಹೊಗೆಗೆ ಅಲಾರಾಂ ಹೊಡೆದುಕೊಂಡರೆ ಮಧ್ಯರಾತ್ರಿ ಇಡೀ ಕಟ್ಟಡದವರು ಬೀದಿಗೆ ಬರಬೇಕಾಗುತ್ತದೆ. ಫೋನಿಗೆ ನಿಮ್ಮ ಫ್ಯಾಮಿಲಿ ಪ್ಲಾನೇ ಸಾಕು. ಪಾಸ್‌ಪೋರ್ಟ್ ಮನೆಯಲ್ಲೇ ಇರಲಿ, ಅವಳ ಹತ್ತಿರ ಜೆರಾಕ್ಸ್ ಇರಲಿ. ಇನ್ಶೂರೆನ್ಸ್ ಕಾರ್ಡ್ ಕೊಡಿ. ಚಿಕಿತ್ಸೆಗೆ ಒಪ್ಪಿಗೆ ಕೊಡುವ ಫಾರ್ಮ್‌ಗೆ ಸಹಿ ಹಾಕುವುದನ್ನು ಮರೆಯಬೇಡಿ. ಕಡಲೆಬೀಜವೋ ಗೋಡಂಬಿಯೋ ಮೈಗೆ ಒಗ್ಗದಿದ್ದರೆ ಅದನ್ನೂ ಬರೆದುಕೊಡಿ.

ರಸ್ತೆ ದಾಟುವುದನ್ನು ಮಾತ್ರ ಸುಮ್ನೆ ಬಿಡಬೇಡಿ. ಊರಲ್ಲಿ 15 ವರ್ಷ ಅವಳಿಗೆ ಬಲಕ್ಕೇ ಮೊದಲು ನೋಡಿ ಅಭ್ಯಾಸ. ಇಲ್ಲಿ ಗಾಡಿಗಳು ಮೊದಲು ಎಡಗಡೆಯಿಂದ ಬರುತ್ತವೆ. ನೀವು ಎಕ್ಸ್‌ಟನ್‌ನಲ್ಲಿ ಎಲ್ಲಿಗೆ ಹೋದರೂ ಕಾರಿನಲ್ಲೇ ಹೋಗುತ್ತೀರಿ, ಹಾಗಾಗಿ ಈ ಅಭ್ಯಾಸ ಇನ್ನೂ ಬದಲಾಗಿರುವುದಿಲ್ಲ. ಕಾಲೇಜಿನ ಹತ್ತಿರ ಬೀದಿಯಲ್ಲಿ ಟ್ರಾಲಿ (ಟ್ರಾಮ್) ಹಳಿಗಳೂ ಇವೆ. ಒಂದು ಭಾನುವಾರ ಕರೆದುಕೊಂಡು ಹೋಗಿ ನಾಲ್ಕು ಸಲ ದಾಟಿಸಿ. ಕಿವಿಗೆ ಇಯರ್‌ಫೋನ್ ಇಲ್ಲದೆ.

ಇನ್ನು ವೆಸ್ಟ್ ಫಿಲಡೆಲ್ಫಿಯಾ. ಅದು ದೊಡ್ಡದು, ಎಲ್ಲ ಬೀದಿಯೂ ಒಂದೇ ಥರ ಇಲ್ಲ. ಕಾಲೇಜಿಗೆ ಅದರದೇ ಪೊಲೀಸರಿದ್ದಾರೆ. 30ನೇ ಸ್ಟ್ರೀಟ್‌ನಿಂದ 43ನೇ ಸ್ಟ್ರೀಟ್‌ವರೆಗೆ, ಆ ಕಡೆ ಮಾರ್ಕೆಟ್ ಸ್ಟ್ರೀಟ್, ಈ ಕಡೆ ಬಾಲ್ಟಿಮೋರ್ ಅವೆನ್ಯೂ, ಇಷ್ಟು ಜಾಗದಲ್ಲಿ ಅವರು ಗಸ್ತು ತಿರುಗುತ್ತಾರೆ. ಮಗಳಿಗೆ ಈ ನಾಲ್ಕು ಗಡಿ ಬಾಯಿಪಾಠ ಆಗಲಿ. ನೀಲಿ ದೀಪದ ಎಮರ್ಜೆನ್ಸಿ ಫೋನ್‌ಗಳಿವೆ. ಕರೆದರೆ ಜೊತೆಗೆ ನಡೆದು ಬಂದು ಬಿಟ್ಟುಹೋಗುವವರೂ ಇದ್ದಾರೆ. ಏನಾದರೂ ಆದರೆ ಮೊದಲು ತುರ್ತು ನಂಬರ್ 911, ಆಮೇಲೆ ಅಮ್ಮ. ನಮ್ಮ ಮಕ್ಕಳು ಇದನ್ನು ತಿರುಗುಮುರುಗು ಮಾಡುತ್ತಾರೆ.

ಒಂದು ಬೇಡಿಕೆ. ಆ ಬೀದಿಗಳಲ್ಲಿ ಇರುವ ಜನರ ಬಣ್ಣ ನೋಡಿ ಹೆದರುವುದನ್ನು ಅವಳಿಗೆ ಕಲಿಸಬೇಡಿ. ನಮ್ಮವರಲ್ಲಿ ಈ ಮಾತು ಜಾಸ್ತಿ. ಇದರಿಂದ ಕಣ್ಣು ತಪ್ಪು ಕಡೆ ಹೋಗುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾವು ಬಂದದ್ದು 1998ರ ಜನವರಿಯಲ್ಲಿ. ಅಪ್ಪರ್ ಡಾರ್ಬಿಯಲ್ಲಿ ಮೂರನೇ ಮಹಡಿಯ ಒಂದು ಅಪಾರ್ಟ್‌ಮೆಂಟ್. ನಮ್ಮವರು ಆಫೀಸಿಗೆ ಹೋಗಿದ್ದರು. ನಾನು ಕಸ ಹಾಕಲು ಕೆಳಗೆ ಇಳಿದೆ. ಸ್ವೆಟರ್ ಇತ್ತು, ಕೋಟಿಲ್ಲ, ಕಾಲಿಗೆ ಹವಾಯಿ ಚಪ್ಪಲಿ. ಹಿಂದೆ ಕೆಳಗಿನ ಬಾಗಿಲು ಹಾಕಿಕೊಂಡಿತು. ಬೀಗದ ಕೈ ಮೇಲೆ. ಸ್ವಲ್ಪ ಹೊತ್ತಿಗೆ ಒಬ್ಬ ಅಜ್ಜಿ ಬಂದರು, ಬಾಗಿಲು ತೆರೆದರು. ನಾನು ಹಿಂದೆಯೇ ಒಳಗೆ ಹೆಜ್ಜೆ ಇಟ್ಟೆ. ಅವರು ಕೈ ಅಡ್ಡ ಹಿಡಿದರು. "ಕ್ಷಮಿಸಮ್ಮ, ನೀನು ಯಾರೋ ನನಗೆ ಗೊತ್ತಿಲ್ಲ" ಅಂದು ಬಾಗಿಲು ಎಳೆದುಕೊಂಡರು. ಗಾಜಿನ ಆಚೆಯಿಂದ ಮ್ಯಾನೇಜರ್ ಮನೆಯ ಬೆಲ್ ತೋರಿಸಿದರು. ಅಷ್ಟು ಹೊತ್ತಿಗೆ ನನ್ನ ಕಣ್ಣಲ್ಲಿ ನೀರು. ಮ್ಯಾನೇಜರ್ ಬರುವವರೆಗೆ ಆ ಚಳಿಯಲ್ಲಿ ನಿಂತಿದ್ದೆ.

ತಿಪಟೂರಿನ ನಮ್ಮ ಮನೆಯ ಮುಂಬಾಗಿಲು ಬೆಳಿಗ್ಗೆ ನೀರು ಹಾಕಿ ರಂಗೋಲಿ ಇಟ್ಟಾಗ ತೆರೆದರೆ ರಾತ್ರಿ ಊಟ ಆದ ಮೇಲೇ ಮುಚ್ಚುತ್ತಿದ್ದುದು. ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಗಿಲಿಗೆ ಬಂದವರಿಗೆ ಒಂದು ಲೋಟ ನೀರಾದರೂ ಕೊಡಬೇಕು ಅಂತ ಬೆಳೆದವಳು ನಾನು. ಹಾಗಾಗಿ ಆ ಅಜ್ಜಿಯ ಕಥೆಯನ್ನು ಎಷ್ಟೋ ವರ್ಷ ಎಲ್ಲರಿಗೂ ಹೇಳಿದೆ. ಇಲ್ಲಿಯ ಜನರ ಮನಸ್ಸು ಎಷ್ಟು ಗಟ್ಟಿ ನೋಡಿ ಅಂತ. ಮಗಳಿಗೂ ಹೇಳಿದೆ, ಒಂದು ಸಲವಲ್ಲ, ಹತ್ತು ಸಲ. ಕೊನೆಗೆ ಪ್ರತಿ ಸಲ ಒಂದೇ ಮಾತು ಸೇರಿಸುತ್ತಿದ್ದೆ: "ನೀನು ಮಾತ್ರ ಹಾಗೆ ಯಾರ ಮುಖಕ್ಕೂ ಬಾಗಿಲು ಹಾಕಬೇಡ, ಪುಟ್ಟಿ."

2016ರ ಜುಲೈ. ಅವಳಿಗೂ ಆಗ 16. ಬೇರೆ ಊರಿನ, ನಗರದ ಮಧ್ಯೆ ಇರುವ ಒಂದು ಕಾಲೇಜು. ಹೆಸರು ಬೇಡ. ಎರಡನೇ ವಾರ, ರಾತ್ರಿ ಒಂಬತ್ತರ ಹೊತ್ತು. ಅವಳು ಕಾರ್ಡ್ ತೋರಿಸಿ ಡಾರ್ಮ್ ಬಾಗಿಲು ತೆರೆದಳು. ಹಿಂದೆ ಒಬ್ಬ ನಿಂತಿದ್ದ. ಕಾಲೇಜಿನ ಹೆಸರಿರುವ ಟೀ ಶರ್ಟ್, ಬೆನ್ನಿಗೆ ಬ್ಯಾಗು, ನೋಡಲು ಅಚ್ಚುಕಟ್ಟು. ತಂಗಿ ಮೇಲಿದ್ದಾಳೆ, ಕಾರ್ಡ್ ಮರೆತೆ ಅಂದ. ನನ್ನ ಮಗಳು ಬಾಗಿಲು ಹಿಡಿದು ನಿಂತು ಅವನನ್ನು ಒಳಗೆ ಬಿಟ್ಟಳು.

ಮೂರನೇ ಮಹಡಿಯ ಒಬ್ಬ ಹುಡುಗಿ ಸ್ನಾನ ಮುಗಿಸಿ ರೂಮಿಗೆ ಬಂದಾಗ ಅವನು ಅವಳ ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕುತ್ತಿದ್ದ. ಅವಳನ್ನು ತಳ್ಳಿ ಓಡಿದ. ಮಂಚದ ಕಬ್ಬಿಣಕ್ಕೆ ಬಡಿದು ಅವಳ ಮಣಿಕಟ್ಟಿನ ಮೂಳೆ ಮುರಿಯಿತು. ಮಾರನೇ ದಿನ ಅವಳ ಅಪ್ಪ ಅಮ್ಮ ಬಂದು ಕರೆದುಕೊಂಡು ಹೋದರು. ಅವಳ ಪ್ರೋಗ್ರಾಮ್ ಅಲ್ಲಿಗೆ ಮುಗಿಯಿತು.

ನನ್ನ ಮಗಳು ತಾನೇ ಹೋಗಿ ಸಿಬ್ಬಂದಿಗೆ ಹೇಳಿದಳು, ಬಾಗಿಲು ತೆರೆದದ್ದು ನಾನು ಅಂತ. ಆಮೇಲೆ ನನಗೆ ಫೋನ್ ಮಾಡಿದಳು. ನಾನು ಕಿರುಚಿದೆ. "ಯಾರೋ ಕೇಳಿದರೆ ತೆಗೆದುಬಿಡೋದಾ? ಯಾರು ಹೇಳಿಕೊಟ್ಟರು ನಿನಗೆ?" ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಅಂದಳು: "ನೀನೇ ಅಮ್ಮ. ಆ ಅಜ್ಜಿ ಕಥೆ."

ಅದಕ್ಕೂ ನಾನು ಸುಮ್ಮನಾಗಲಿಲ್ಲ. "ಆಯ್ತು, ಇನ್ನು ಯಾರಿಗೂ ಹೇಳಬೇಡ" ಅಂದೆ. ಅವಳು ಆ ಹುಡುಗಿಗೆ ಕೈಯಲ್ಲೇ ಒಂದು ಪತ್ರ ಬರೆದು, ಪ್ರೋಗ್ರಾಮ್‌ನವರ ಮೂಲಕ ಕಳಿಸಿದಳು. ನಾನು ಆ ತಾಯಿಗೆ ಎರಡು ಸಾಲು ಬರೆಯಬಹುದಿತ್ತು. ಬರೆಯಲಿಲ್ಲ. ಏನು ಕೇಳುತ್ತಾರೋ, ಏನು ಕೇಸು ಆಗುತ್ತದೋ ಅನ್ನುವ ಹೆದರಿಕೆ. ಈಗಲೂ ಜುಲೈ ಬಂದರೆ ಆ ಕಾಣದ ತಾಯಿ ನೆನಪಾಗುತ್ತಾರೆ. ಮಗಳ ಬಗ್ಗೆ ಹೆಮ್ಮೆ ಇದೆ. ನನ್ನ ಬಗ್ಗೆ ಆ ವಿಷಯದಲ್ಲಿ ಇಲ್ಲ.

ಆಮೇಲೆ ನಾನು ಓದಿ ತಿಳಿದುಕೊಂಡದ್ದು ಇದು. 1986ರಲ್ಲಿ, ನಮ್ಮ ಈ ಕಡೆಯ ಬ್ರಿನ್ ಮಾರ್‌ನ ಹುಡುಗಿ ಜೀನ್ ಕ್ಲೆರಿ, ಪೆನ್ಸಿಲ್ವೇನಿಯಾದ್ದೇ ಆದ ಬೆತ್ಲಹೆಮ್‌ನ ಲೀಹೈ ಯೂನಿವರ್ಸಿಟಿಯ ಡಾರ್ಮ್ ರೂಮಿನಲ್ಲೇ ಕೊಲೆಯಾದಳು. ವಯಸ್ಸು 19. ಕೊಂದವನು ಅದೇ ಕಾಲೇಜಿನ ವಿದ್ಯಾರ್ಥಿ. ತಾನಾಗಿ ಬೀಗ ಬೀಳುವ ಮೂರು ಬಾಗಿಲು ದಾಟಿ ಬಂದಿದ್ದ. ಅಲ್ಲಿ ಇದ್ದವರೇ ಬಾಗಿಲಿಗೆ ಪಿಜ್ಜಾ ಡಬ್ಬಿ ಅಡ್ಡ ಇಟ್ಟು ಮುಚ್ಚದ ಹಾಗೆ ಮಾಡಿದ್ದರು. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ಗೆಳೆಯರು ಬರಲು ಸುಲಭ ಆಗಲಿ ಅಂತ, ಅಷ್ಟೇ. ಅವಳ ಅಪ್ಪ ಅಮ್ಮ ಹೋರಾಡಿದರು. 1990ರಲ್ಲಿ ದೇಶಕ್ಕೆಲ್ಲ ಒಂದು ಕಾನೂನು ಬಂತು. ಈಗ ಅದಕ್ಕೆ ಕ್ಲೆರಿ ಆ್ಯಕ್ಟ್ ಅಂತಲೇ ಹೆಸರು.

ಆ ಕಾನೂನಿನಿಂದ ನಿಮಗೆ ಒಂದು ಅನುಕೂಲ ಇದೆ. ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವಿನಲ್ಲಿ ಸೇರಿರುವ ಪ್ರತಿ ಕಾಲೇಜೂ ವರ್ಷಕ್ಕೊಮ್ಮೆ, ಅಕ್ಟೋಬರ್ 1ರ ಒಳಗೆ, ಹಿಂದಿನ ಮೂರು ವರ್ಷದ ಅಪರಾಧಗಳ ಲೆಕ್ಕ ಕೊಡಬೇಕು. ಆನ್ಯುಯಲ್ ಸೆಕ್ಯುರಿಟಿ ರಿಪೋರ್ಟ್ ಅಂತ ಹುಡುಕಿ. ಡಾರ್ಮ್‌ಗಳ ಲೆಕ್ಕ ಬೇರೆಯಾಗಿಯೇ ಇರುತ್ತದೆ. ಆದರೆ ಅದರಲ್ಲಿ ಕಾಲೇಜಿನ ಜಾಗ ಮತ್ತು ಅದಕ್ಕೆ ತಾಗಿಕೊಂಡ ಬೀದಿಗಳಷ್ಟೇ ಬರುತ್ತವೆ. ನಾಲ್ಕು ಬೀದಿ ಆಚೆ ನಡೆದದ್ದು ಬರುವುದಿಲ್ಲ.

ಪ್ರೋಗ್ರಾಮ್‌ನವರಿಗೆ ಒಂದು ಇಮೇಲ್ ಹಾಕಿ. ಸಂಕೋಚ ಬೇಡ, ಇಲ್ಲಿ ಕೇಳುವ ತಂದೆತಾಯಿಯನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಪೆನ್ಸಿಲ್ವೇನಿಯಾದಲ್ಲಿ ಮೂರು ಕ್ಲಿಯರೆನ್ಸ್ ಕೇಳುತ್ತಾರೆ: ಮಕ್ಕಳ ಮೇಲಿನ ದೌರ್ಜನ್ಯದ ದಾಖಲೆ, ರಾಜ್ಯ ಪೊಲೀಸರ ದಾಖಲೆ, ಬೆರಳಚ್ಚಿನ ಎಫ್‌ಬಿಐ ತಪಾಸಣೆ. ಡಾರ್ಮ್‌ನಲ್ಲಿ ಮಕ್ಕಳ ಜೊತೆಗೇ ಇದ್ದು ನೋಡಿಕೊಳ್ಳುವ ಆರ್‌ಎಗಳಿಗೂ ಮೂರೂ ಆಗಿದೆಯಾ ಅಂತ ಕೇಳಿ. ಎಷ್ಟು ಮಕ್ಕಳಿಗೆ ಒಬ್ಬ ಆರ್‌ಎ ಅಂತಲೂ ಕೇಳಿ. 15ರಿಂದ 18ರ ವಯಸ್ಸಿನವರು ರಾತ್ರಿ ತಂಗುವ ಶಿಬಿರದಲ್ಲಿ 10 ಮಕ್ಕಳಿಗೆ ಒಬ್ಬರಾದರೂ ಇರಬೇಕು ಅನ್ನುತ್ತದೆ ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್. ರಾತ್ರಿ ತಲೆ ಎಣಿಸುವವರು ಯಾರು, ಎಷ್ಟು ಹೊತ್ತಿಗೆ? ಆ ಮಹಡಿಯಲ್ಲಿ ಬೇರೆ ದೊಡ್ಡ ವಿದ್ಯಾರ್ಥಿಗಳೂ ಇರುತ್ತಾರಾ? ಇದಕ್ಕೆ ನೇರ ಉತ್ತರ ಬಂದರೆ ನಿಶ್ಚಿಂತೆಯಿಂದ ಕಳಿಸಿ.

ಮಗಳಿಗೆ ಇನ್ನೊಂದು ಮಾತು ಹೇಳಿಡಿ. ಎಂಥ ತಪ್ಪು ಮಾಡಿದ್ದರೂ ಫೋನ್ ಮಾಡು, ಆ ರಾತ್ರಿ ನಾವು ಬೈಯುವುದಿಲ್ಲ ಅಂತ. ಹೇಳಿದ ಮೇಲೆ ಹಾಗೇ ನಡೆದುಕೊಳ್ಳಿ. ಇದು ನನ್ನ ಕೈಯಲ್ಲಿ ಆಗಲಿಲ್ಲ.

ಬಾಗಿಲ ವಿಷಯ ಬಾಯಿಮಾತಲ್ಲಿ ಹೇಳಿದರೆ ಸಾಲದು. ನಮ್ಮ ಮಕ್ಕಳಿಗೆ ದೊಡ್ಡವರು ಕೇಳಿದಾಗ "ಇಲ್ಲ" ಅನ್ನಲು ನಾಲಿಗೆ ಏಳುವುದಿಲ್ಲ, ಅಲ್ವಾ? ಹಾಗೆ ಬೆಳೆಸಿದವರೇ ನಾವು. ಅದಕ್ಕೇ ಒಂದು ಸಲ ಮಾಡಿ ನೋಡಬೇಕು. ಬರುವ ಶನಿವಾರ ಅವಳನ್ನು ಮನೆಗೆ ಕರೆದುಕೊಂಡು ಬನ್ನಿ. ಅವಳು ಬಾಗಿಲ ಒಳಗೆ ನಿಲ್ಲಲಿ, ನಾನು ಹೊರಗೆ ನಿಲ್ಲುತ್ತೇನೆ. ಕಾರ್ಡ್ ಮರೆತೆ ಪುಟ್ಟಿ, ಮಗಳು ಮೇಲಿದ್ದಾಳೆ, ಚಳಿ ಆಗ್ತಿದೆ ಅಂತ ಮೂರು ಸಲ ಕೇಳುತ್ತೇನೆ. "ಸಾರಿ ಆಂಟಿ, ಫ್ರಂಟ್ ಡೆಸ್ಕ್‌ಗೆ ಫೋನ್ ಮಾಡಿ" ಅಂತ ಅವಳು ಮೂರು ಸಲವೂ ಹೇಳಬೇಕು, ಬಾಗಿಲು ಎಳೆದುಕೊಳ್ಳಬೇಕು. ಆದ ಮೇಲೆ ಎಲ್ಲರೂ ಕೂತು ತಿಂಡಿ ತಿನ್ನೋಣ. ಅಕ್ಕಿರೊಟ್ಟಿ ಮಾಡುತ್ತೇನೆ.