ಎರಡನೇ ಬಸಿರು ಮತ್ತು ಹೇಳದೆ ಉಳಿದ ನೋವು

ಪ್ರಶ್ನೆ: ನನಗೆ 33 ವರ್ಷ. ಎರಡನೇ ಬಾರಿ ಬಸುರಿ, ಆರು ತಿಂಗಳು ತುಂಬಿದೆ. ಮೊದಲ ಹೆರಿಗೆಯ ನಂತರ ತಿಂಗಳುಗಟ್ಟಲೆ ಅಳುತ್ತಿದ್ದೆ, ಯಾರಿಗೂ ಹೇಳಲಿಲ್ಲ. ಈಗ ಮತ್ತೆ ನಿದ್ದೆಯಿಲ್ಲ, ಯಾವುದರಲ್ಲೂ ಮನಸ್ಸಿಲ್ಲ. ಪತಿ ‘ಒಂದು ಸಲ ನಿಭಾಯಿಸಿದ್ದೀಯಲ್ಲ, ಈಗೇನು ಹೊಸದು?’ ಎನ್ನುತ್ತಾರೆ. ದಿನವೂ ಜಗಳ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದುವಾಗ ಈಗಿನ ಜಗಳಕ್ಕಿಂತ ‘ಯಾರಿಗೂ ಹೇಳಲಿಲ್ಲ’ ಎಂಬ ಮಾತು ನನ್ನನ್ನು ಹೆಚ್ಚು ಕಾಡಿತು. ಹೆರಿಗೆಯಾದ ಹೊಸತರಲ್ಲಿ ಬರುವ ಅಳು ಸಾಮಾನ್ಯವಾಗಿ ಎರಡು ವಾರಗಳೊಳಗೆ ತಾನಾಗಿಯೇ ಇಳಿಯುತ್ತದೆ. ನಿಮ್ಮಲ್ಲಿ ತಿಂಗಳುಗಟ್ಟಲೆ ಉಳಿದದ್ದು ಪ್ರಸವಾನಂತರದ ಖಿನ್ನತೆಯೇ ಆಗಿದ್ದಿರಬಹುದು. ಹಾಗೆ ಒಮ್ಮೆ ಬಂದುಹೋದ ಖಿನ್ನತೆ ಮುಂದಿನ ಬಸಿರಿನಲ್ಲಿ ಅಥವಾ ಬಾಣಂತನದಲ್ಲಿ ಮರಳುವ ಸಂಭವ ಹೆಚ್ಚಾದ್ದರಿಂದ, ಹೆರಿಗೆಯವರೆಗೆ ಕಾಯದೆ ಈ ವಾರವೇ ವೈದ್ಯರ ಬಳಿ ಹಳೆಯದನ್ನೂ ಈಗಿನದನ್ನೂ ಹೇಳಿಬಿಡಿ. ಎಡಿನ್‌ಬರೋ ಮಾಪನ ಎಂಬ, 1987ರಿಂದ ಬಳಕೆಯಲ್ಲಿರುವ ಹತ್ತು ಪ್ರಶ್ನೆಗಳ ಪಟ್ಟಿಯೊಂದಿದೆ. ಅದು ಕಳೆದ ಏಳು ದಿನಗಳ ಮನಸ್ಥಿತಿಯನ್ನು ಕೇಳುತ್ತದೆ, ಬಸುರಿಯರಿಗೂ ಅನ್ವಯಿಸುತ್ತದೆ. ಅದರಿಂದಲೇ ಕಾಯಿಲೆ ನಿರ್ಧಾರವಾಗದಿದ್ದರೂ, ಬಾಯಿಬಿಟ್ಟು ಹೇಳಲಾಗದವರಿಗೆ ಅದೊಂದು ಆಸರೆ. ರಕ್ತಹೀನತೆ, ಥೈರಾಯ್ಡ್ ತೊಂದರೆಗಳೂ ಇಂಥದೇ ದಣಿವು ತರುವುದರಿಂದ ಆ ಪರೀಕ್ಷೆಗಳೂ ಆಗಲಿ.

ಇನ್ನು ನಿಮ್ಮ ಪತಿಯ ಮಾತು. ಎರಡನೇ ಬಸುರಿಯನ್ನು ಎಲ್ಲರೂ ಅನುಭವಸ್ಥೆ ಎಂದೇ ಕಾಣುತ್ತಾರೆ. ಮೊದಲ ಸಲ ಸಿಕ್ಕ ವಿಚಾರಣೆ, ವಿಶ್ರಾಂತಿ ಎರಡೂ ಈಗ ಸಿಗುವುದಿಲ್ಲ, ಎತ್ತಿಕೊಳ್ಳಲು ಮಾತ್ರ ಇನ್ನೊಂದು ಮಗುವಿರುತ್ತದೆ. ನೀವು ನಿಭಾಯಿಸಿದ್ದನ್ನು ಅವರು ಕಂಡಿದ್ದಾರೆ, ನುಂಗಿಕೊಂಡದ್ದನ್ನು ಕಂಡಿಲ್ಲ. ಜಗಳ ಖಿನ್ನತೆಯನ್ನು ಹೆಚ್ಚಿಸುತ್ತದೆ, ಖಿನ್ನತೆಯಲ್ಲಿ ಸಾದಾ ಮಾತೂ ಚುಚ್ಚುತ್ತದೆ. ಯಾವುದು ಮೊದಲು ಎಂದು ಹುಡುಕುತ್ತ ಕೂರಬೇಡಿ. ಜಗಳವಿಲ್ಲದ ಹೊತ್ತಿನಲ್ಲಿ ಮೊದಲ ಬಾಣಂತನದ ಆ ತಿಂಗಳುಗಳನ್ನು ಅವರಿಗೆ ವಿವರಿಸಿ. ‘ನೀವು ಏನೂ ಮಾಡುವುದಿಲ್ಲ’ ಎನ್ನುವುದಕ್ಕಿಂತ ‘ರಾತ್ರಿ ಮಗು ಎದ್ದರೆ ನೀವೇ ಮಲಗಿಸಿ’ ಎಂಬ ಮಾತಿಗೆ ಉತ್ತರ ಸಿಗುತ್ತದೆ. ಒಂದು ತಪಾಸಣೆಗಾದರೂ ಅವರನ್ನು ಜೊತೆಗೆ ಕರೆದೊಯ್ಯಿರಿ. ಆದರೆ ಜಗಳದಲ್ಲಿ ಹೊಡೆತವೋ ಬೆದರಿಕೆಯೋ ಇದ್ದರೆ ಈ ಸಲಹೆ ಸಲ್ಲದು. ಆಗ ವೈದ್ಯರನ್ನು ಒಬ್ಬರೇ ಕಂಡು ಹೇಳಿ.

ಸೌಮ್ಯ ಖಿನ್ನತೆಗೆ ಮಾತಿನ ಚಿಕಿತ್ಸೆಯಷ್ಟೇ ಸಾಕಾಗಬಹುದು. ಬಸಿರಿನಲ್ಲಿ ಕೊಡಬಹುದಾದ ಔಷಧಗಳೂ ಇವೆ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಮಗುವಿನ ಭಯದಿಂದ ತಟ್ಟನೆ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿಯೇ ನಿರ್ಧರಿಸಿ. ಸಾಯಬೇಕೆಂಬ ಅಥವಾ ಮಗುವಿಗೆ ಹಾನಿ ಮಾಡುವ ಆಲೋಚನೆ ಸುಳಿದರೆ ಅಂದೇ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ.